ಸರ್ವರ್ ಖರೀದಿ: ‘ಎನರ್ಜಿ ಸ್ಟಾರ್ ಅಥವಾ ತತ್ಸಮಾನ’ ಎಂಬ ಷರತ್ತಿಗೆ ಯಾವ ಕಾಗದವನ್ನು ಒಪ್ಪಬೇಕು?

ಮಾಟುಂಗಾ ಲೆಡ್ಜರ್

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮಾಟುಂಗಾದಲ್ಲಿರುವ ಒಂದು ಸಹಕಾರಿ ಕ್ರೆಡಿಟ್ ಸೊಸೈಟಿಯ ಕಂಪ್ಯೂಟರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಈಗಿರುವ ಮೂರು ಹಳೆಯ ಸರ್ವರ್‌ಗಳನ್ನೂ ಒಂದು ಸ್ಟೋರೇಜ್ ಪೆಟ್ಟಿಗೆಯನ್ನೂ ತೆಗೆದು, ಅವುಗಳ ಜಾಗಕ್ಕೆ ಎರಡು ರ‍್ಯಾಕ್ ಸರ್ವರ್ ಮತ್ತು ಒಂದು ಹೊಸ ಸ್ಟೋರೇಜ್ ಕೊಳ್ಳಲು ಆಡಳಿತ ಮಂಡಳಿ ಮಂಜೂರಾತಿ ನೀಡಿದೆ. ಕಟ್ಟಡ ಹಳೆಯದು, ಮಂಜೂರಾದ ವಿದ್ಯುತ್ ಹೊರೆಯನ್ನು ಹೆಚ್ಚಿಸಿಕೊಳ್ಳುವುದು ಸುಲಭವಲ್ಲ. ಸರ್ವರ್ ಕೋಣೆಯ ಎಸಿ ಹಗಲು ರಾತ್ರಿ ಓಡುತ್ತದೆ. ಬೆಸ್ಟ್‌ನ ವಿದ್ಯುತ್ ಬಿಲ್ಲು ಬಂದಾಗಲೆಲ್ಲ ಖಜಾಂಚಿಯವರು ನನ್ನ ಮೇಜಿನ ಬಳಿಗೆ ಬರುವುದೂ ತಪ್ಪುವುದಿಲ್ಲ.

ಟೆಂಡರಿನಲ್ಲಿ ‘ಉಪಕರಣಗಳು ಎನರ್ಜಿ ಸ್ಟಾರ್ ಅಥವಾ ತತ್ಸಮಾನ ಪ್ರಮಾಣಪತ್ರ ಹೊಂದಿರಬೇಕು’ ಎಂಬ, ವಿದ್ಯುತ್ ಮಿತವ್ಯಯದ ಗುರುತು ಕೇಳುವ ಸಾಲು ಹಿಂದಿನ ಯಾವುದೋ ಟೆಂಡರಿನಿಂದ ಬಂದು ಸೇರಿಕೊಂಡಿತ್ತು. ಮೂವರು ಮಾರಾಟಗಾರರು ಮೂರು ಬಗೆಯಲ್ಲಿ ಉತ್ತರಿಸಿದ್ದಾರೆ. ಮೊದಲನೆಯವರು ಎನರ್ಜಿ ಸ್ಟಾರ್ ಪ್ರಮಾಣಪತ್ರವನ್ನೇ ಲಗತ್ತಿಸಿದ್ದಾರೆ. ಅದರಲ್ಲಿ ‘ಆವೃತ್ತಿ 3.0’ ಎಂದಿದೆ. ಎರಡನೆಯವರು ತಮ್ಮ ಪವರ್ ಸಪ್ಲೈ 80 ಪ್ಲಸ್ ಟೈಟಾನಿಯಂ ದರ್ಜೆಯದಾದ್ದರಿಂದ ಅದೇ ತತ್ಸಮಾನ ಎಂದು ವಾದಿಸುತ್ತಿದ್ದಾರೆ. ಮೂರನೆಯವರು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಮತ್ತು ಯುರೋಪಿನ ಸಿಇ ಗುರುತಿನ ಕಾಗದಗಳನ್ನು ಕೊಟ್ಟಿದ್ದಾರೆ. ಮಂಡಳಿಯ ಸದಸ್ಯರೊಬ್ಬರು ‘ಇದಕ್ಕೆ ಎಷ್ಟು ಸ್ಟಾರ್?’ ಎಂದು ಕೇಳಿದಾಗ ನಾನು ಸಮರ್ಪಕವಾಗಿ ಉತ್ತರಿಸಲಾಗಲಿಲ್ಲ.

ಈ ಮೂರರಲ್ಲಿ ಯಾವುದು ಷರತ್ತಿಗೆ ಹೊಂದುತ್ತದೆ? ಪ್ರಮಾಣಪತ್ರವಿದ್ದ ಮಾತ್ರಕ್ಕೆ ಬಿಲ್ಲು ಇಳಿಯುತ್ತದೆಯೇ? ಸ್ಟೋರೇಜ್‌ಗೆ ಬೇರೆ ಮಾನದಂಡವಿದೆಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ರಬಾಳೆ ರ‍್ಯಾಕ್

ನಮಸ್ಕಾರ ಸರ್. ನಾನು ಠಾಣೆ–ಬೇಲಾಪುರ ರಸ್ತೆಯ ಡೇಟಾ ಸೆಂಟರೊಂದರಲ್ಲಿ ವಿದ್ಯುತ್ ಮತ್ತು ಶೀತಲೀಕರಣ ವಿಭಾಗದಲ್ಲಿದ್ದೇನೆ. ಸದಸ್ಯರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಫ್ರಿಜ್ಜು, ಎಸಿಗಳ ಮೇಲೆ ಒಂದರಿಂದ ಐದರವರೆಗೆ ನಕ್ಷತ್ರ ಅಂಟಿಸುವುದು ನಮ್ಮ ಬಿಇಇ (ಇಂಧನ ದಕ್ಷತಾ ಬ್ಯೂರೋ) ಸಂಸ್ಥೆ 2006ರಲ್ಲಿ ಆರಂಭಿಸಿದ ಯೋಜನೆ. ಎನರ್ಜಿ ಸ್ಟಾರ್ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಶುರು ಮಾಡಿದ್ದು. ಅದರಲ್ಲಿ ನಕ್ಷತ್ರಗಳ ಎಣಿಕೆಯೇ ಇಲ್ಲ. ಯಂತ್ರ ಮಿತಿಯೊಳಗಿದ್ದರೆ ಪಾಸು, ಇಲ್ಲದಿದ್ದರೆ ಇಲ್ಲ. ನಮ್ಮ ಸಭಾಂಗಣಗಳಿಗೆ ಬರುವ ಯಾವ ಸರ್ವರಿನ ಮೇಲೂ ಬಿಇಇ ನಕ್ಷತ್ರದ ಚೀಟಿಯನ್ನು ನಾನು ಕಂಡಿಲ್ಲ. ಆದ್ದರಿಂದ ಸದಸ್ಯರಿಗೆ ‘ಸರ್ವರಿಗೆ ನಕ್ಷತ್ರದ ಲೆಕ್ಕ ಅನ್ವಯಿಸುವುದಿಲ್ಲ’ ಎಂದು ಹೇಳಿದರೆ ಸಾಕು.

ಮೂರನೆಯ ಮಾರಾಟಗಾರರ ಬಿಐಎಸ್ ನೋಂದಣಿ ಸುರಕ್ಷತೆಗೆ ಸಂಬಂಧಿಸಿದ್ದು. ವಿದ್ಯುತ್ ಆಘಾತ, ಬೆಂಕಿ, ಅತಿಯಾದ ಬಿಸಿ ಇವುಗಳ ಅಪಾಯವಿಲ್ಲವೆಂದು ಅದು ಹೇಳುತ್ತದೆಯೇ ಹೊರತು ಯಂತ್ರ ಎಷ್ಟು ಯೂನಿಟ್ ನುಂಗುತ್ತದೆ ಎಂಬುದನ್ನಲ್ಲ. ಸಿಇ ಗುರುತಿನ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಯುರೋಪಿಯನ್ ಒಕ್ಕೂಟದ 2019/424 ಸಂಖ್ಯೆಯ ನಿಯಮ 2020ರ ಮಾರ್ಚ್ 1ರಿಂದ ಸರ್ವರ್ ಮತ್ತು ಸ್ಟೋರೇಜ್ ಉಪಕರಣಗಳಿಗೆ ಕನಿಷ್ಠ ದಕ್ಷತೆಯನ್ನು ಕಡ್ಡಾಯ ಮಾಡಿದೆ, ಹಾಗಾಗಿ ಅಲ್ಲಿ ಮಾರುವ ಯಂತ್ರದ ಸಿಇ ಗುರುತಿನೊಳಗೆ ಆ ನಿಯಮದ ಪಾಲನೆಯೂ ಅಡಗಿರುತ್ತದೆ. ಆದರೆ ಅದು ತಯಾರಕರು ತಾವಾಗಿಯೇ ಮಾಡಿಕೊಳ್ಳುವ ಘೋಷಣೆ, ಮತ್ತು ಅಲ್ಲಿ ಕೇಳಿರುವುದು ಕನಿಷ್ಠ ಮಟ್ಟವನ್ನು ಮಾತ್ರ. ಎನರ್ಜಿ ಸ್ಟಾರ್‌ನಲ್ಲಾದರೋ ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷೆ ಮತ್ತು ಹೊರಗಿನ ಪ್ರಮಾಣೀಕರಣ ಸಂಸ್ಥೆಯ ಪರಿಶೀಲನೆ ಎರಡೂ ಬೇಕು.

80 ಪ್ಲಸ್ ಎಂಬುದು ಪವರ್ ಸಪ್ಲೈಗೆ ಮಾತ್ರ ಸಿಗುವ ದರ್ಜೆ. ಗೋಡೆಯಿಂದ ಬಂದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಮದರ್‌ಬೋರ್ಡಿಗೆ ತಲುಪುತ್ತದೆ ಎಂಬುದನ್ನು ಅದು ಅಳೆಯುತ್ತದೆ; ತಲುಪಿದ್ದನ್ನು ಮದರ್‌ಬೋರ್ಡು ಏನು ಮಾಡುತ್ತದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಒಳ್ಳೆಯ ಗುಣವೇ ಸರಿ, ಆದರೆ ತತ್ಸಮಾನವಲ್ಲ.

ಇನ್ನು ಮೊದಲನೆಯವರ ‘ಆವೃತ್ತಿ 3.0’. ಸರ್ವರಿನ ಎನರ್ಜಿ ಸ್ಟಾರ್ ಮಾನದಂಡದ ಮೊದಲ ಆವೃತ್ತಿ ಬಂದದ್ದು 2009ರಲ್ಲಿ, 3.0 ಜಾರಿಯಾದದ್ದು 2019ರ ಜೂನ್‌ನಲ್ಲಿ, 4.0 ಜಾರಿಯಾದದ್ದು 2024ರ ಜನವರಿ 12ರಂದು. ಹೊಸ ಆವೃತ್ತಿ ಜಾರಿಯಾದ ಮೇಲೆ ತಯಾರಾದ ಯಂತ್ರಕ್ಕೆ ಹಳೆಯ ಆವೃತ್ತಿಯ ಆಧಾರದಲ್ಲಿ ಆ ಗುರುತು ಹಾಕುವಂತಿಲ್ಲ. ಆದ್ದರಿಂದ ಕೊಡಲಿರುವ ಯಂತ್ರದ ತಯಾರಿಕಾ ದಿನಾಂಕವನ್ನು ಕೇಳಿರಿ. ಹೊಸದಾಗಿ ತಯಾರಾದದ್ದೆಂದು ಹೇಳಿ 3.0ರ ಕಾಗದ ಕೊಟ್ಟರೆ ಆ ಕಾಗದ ಷರತ್ತಿಗೆ ಹೊಂದುವುದಿಲ್ಲ. ಹಳೆಯ ದಾಸ್ತಾನೆಂದು ಒಪ್ಪಿಕೊಂಡರೆ ಬೆಲೆಯ ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡಬಹುದು.

ಔಂಧ್ ಬೆಂಚ್

ರಬಾಳೆಯವರು ಹೇಳಿದ್ದೆಲ್ಲವೂ ಸರಿ. ನಾನು ಪುಣೆಯಲ್ಲಿ ಸರ್ವರ್ ಕಾರ್ಯಕ್ಷಮತೆಯ ಪರೀಕ್ಷೆ ಮಾಡುವ ತಂಡದಲ್ಲಿದ್ದೇನೆ. ಪ್ರಮಾಣಪತ್ರದ ಹಿಂದಿರುವ ಅಂಕದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬಿಲ್ಲಿನ ಪ್ರಶ್ನೆಗೆ ಉತ್ತರ ಅಲ್ಲಿದೆ.

ಈ ಪರೀಕ್ಷೆಗೆ ಬಳಸುವುದು ಕಂಪ್ಯೂಟರ್ ಕಾರ್ಯಕ್ಷಮತೆಯ ಅಳತೆಗಳನ್ನು ರೂಪಿಸುವ ಸ್ಪೆಕ್ ಸಂಸ್ಥೆಯ ‘ಸರ್ಟ್’ ಎಂಬ ತಂತ್ರಾಂಶ. ಅದು ದತ್ತಾಂಶವನ್ನು ಕುಗ್ಗಿಸುವುದು, ಗೂಢಲಿಪಿಗೆ ಹಾಕುವುದು, ವಿಂಗಡಿಸುವುದು ಮುಂತಾದ ಸಣ್ಣ ಸಣ್ಣ ಕೆಲಸಗಳನ್ನು ಯಂತ್ರಕ್ಕೆ ಕೊಡುತ್ತದೆ. ಪ್ರೊಸೆಸರಿನ ಕೆಲಸಗಳನ್ನು ಪೂರ್ಣ ಹೊರೆಯಿಂದ ಶೇ. 75, 50, 25ಕ್ಕೆ ಇಳಿಸುತ್ತಾ, ಪ್ರತಿ ಹಂತದಲ್ಲೂ ಮಾಡಿದ ಕೆಲಸವನ್ನು ಬಳಸಿದ ವ್ಯಾಟ್‌ನಿಂದ ಭಾಗಿಸುತ್ತದೆ. ಕೊನೆಯ ಅಂಕದಲ್ಲಿ ಪ್ರೊಸೆಸರಿಗೆ ಶೇ. 65, ಮೆಮೊರಿಗೆ 30, ಡಿಸ್ಕಿಗೆ 5ರ ತೂಕ. ಈ ಅಳತೆಯೇ 2020ರಲ್ಲಿ ಐಎಸ್‌ಒ/ಐಇಸಿ 21836 ಎಂಬ ಅಂತರರಾಷ್ಟ್ರೀಯ ಮಾನಕಕ್ಕೂ ಆಧಾರವಾಯಿತು. ಎರಡು ಸಾಕೆಟ್‌ನ (ಎರಡು ಪ್ರೊಸೆಸರ್ ಕೂರುವ) ಸರ್ವರಿಗೆ ಯುರೋಪಿನ ನಿಯಮ ಕೇಳುವುದು ಕನಿಷ್ಠ 9.5, ಎನರ್ಜಿ ಸ್ಟಾರ್ 3.0 ಅದೇ ವರ್ಗದ ರ‍್ಯಾಕ್ ಸರ್ವರಿಗೆ ಕೇಳುತ್ತಿದ್ದುದು 13.

ಈಗ ಗಮನಿಸಬೇಕಾದ ಸಂಗತಿ: ಯಂತ್ರ ಕೆಲಸವಿಲ್ಲದೆ ಕುಳಿತಿರುವಾಗ ಎಳೆಯುವ ವಿದ್ಯುತ್ತು, ಅಂದರೆ ಐಡಲ್ ಪವರ್, ಈ ಅಂಕದೊಳಗೆ ಸೇರುವುದಿಲ್ಲ. ಅದನ್ನು ಬೇರೆಯಾಗಿ ಅಳೆದು ದಾಖಲಿಸುತ್ತಾರೆ. ಮೇಘಸೇವೆಯವರ ಸರ್ವರ್ ಹಗಲಿರುಳು ದುಡಿಯುವುದರಿಂದ ಅವರಿಗೆ ಅಂಕವೇ ಮುಖ್ಯ. ನಿಮ್ಮ ಸೊಸೈಟಿಯ ಸರ್ವರ್ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ, ಅದೂ ಕೌಂಟರಿನಲ್ಲಿ ಜನವಿದ್ದಾಗ, ಒಂದಿಷ್ಟು ಕೆಲಸ ಮಾಡಿ, ರಾತ್ರಿ ಬ್ಯಾಕಪ್ ಮುಗಿಸಿ ಸುಮ್ಮನಿರುತ್ತದೆ. ವರ್ಷದ 8,760 ಗಂಟೆಗಳಲ್ಲಿ ಬಹುಪಾಲು ಐಡಲ್ ಸ್ಥಿತಿಯೇ. ಎರಡು ಮಾದರಿಗಳ ನಡುವೆ ಐಡಲ್‌ನಲ್ಲಿ 60 ವ್ಯಾಟ್ ವ್ಯತ್ಯಾಸವಿದೆಯೆಂದು ಇಟ್ಟುಕೊಳ್ಳಿ: ವರ್ಷಕ್ಕೆ ಸುಮಾರು 526 ಯೂನಿಟ್. ಎಸಿ ಮತ್ತು ಯುಪಿಎಸ್‌ನ ಬಾಬ್ತು ಅದರ ಅರ್ಧದಷ್ಟು ಸೇರಿತೆಂದರೆ 788. ಲೆಕ್ಕಕ್ಕೆ ಯೂನಿಟ್ಟಿಗೆ 15 ರೂಪಾಯಿ ಹಿಡಿದರೆ ಒಂದು ಸರ್ವರಿಗೆ ವರ್ಷಕ್ಕೆ 11,800 ರೂಪಾಯಿಗೂ ಹೆಚ್ಚು. ನಿಮ್ಮ ಬಿಲ್ಲಿನ ನಿಜವಾದ ದರವನ್ನು ಹಾಕಿ ಇದನ್ನೇ ಖಜಾಂಚಿಯವರಿಗೆ ತೋರಿಸಬಹುದು.

ಎರಡನೆಯ ಸಂಗತಿ, ಪರೀಕ್ಷೆಗೊಳಗಾಗುವುದು ಒಂದು ಮಾದರಿ ಕುಟುಂಬದ ಆಯ್ದ ಕೆಲವು ಸಂರಚನೆಗಳು ಮಾತ್ರ. ನಿಮಗೆ ಬರುವ ಪೆಟ್ಟಿಗೆಯೊಳಗೆ ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂಬುದರ ಮೇಲೆ ಐಡಲ್ ಬದಲಾಗುತ್ತದೆ. ಯುರೋಪಿನ ನಿಯಮ ಎರಡು ಸಾಕೆಟ್‌ನ ಸರ್ವರಿಗೆ 38 ವ್ಯಾಟ್‌ನ ಮೂಲ ಮಿತಿ ಹಾಕಿ, ಪ್ರೊಸೆಸರಿನ ಸಾಮರ್ಥ್ಯಕ್ಕೆ ತಕ್ಕ ರಿಯಾಯಿತಿಯ ಜೊತೆಗೆ, ಹೆಚ್ಚುವರಿ ಪವರ್ ಸಪ್ಲೈಗೆ 10, ಪ್ರತಿ ಡಿಸ್ಕಿಗೆ 5, ಹೆಚ್ಚುವರಿ ಮೆಮೊರಿಯ ಪ್ರತಿ ಜಿಬಿಗೆ 0.18 ವ್ಯಾಟ್ ಬಿಟ್ಟುಕೊಡುತ್ತದೆ. ಇವು ಅನುಮತಿಸಿದ ಗರಿಷ್ಠಗಳೇ ಹೊರತು ಅಳತೆಗಳಲ್ಲ. ಆದರೂ ‘ಮುಂದಕ್ಕೆ ಬೇಕಾದೀತು’ ಎಂದು 128 ಜಿಬಿಯ ಬದಲು 512 ಜಿಬಿ ಹಾಕಿಸಿಕೊಂಡರೆ ಆ ಲೆಕ್ಕದಲ್ಲಿ 69 ವ್ಯಾಟ್ ಏರುತ್ತದೆ. ಎರಡು ಸರ್ವರ್‌ಗಳ ಪ್ರಮಾಣಪತ್ರಗಳ ನಡುವಿನ ವ್ಯತ್ಯಾಸಕ್ಕಿಂತ ನಿಮ್ಮ ಖರೀದಿ ಪಟ್ಟಿಯ ಒಂದು ಸಾಲು ಹೆಚ್ಚು ಭಾರವಾಗಬಹುದು.

ಒಳ್ಳೆಯ ಸುದ್ದಿಯೂ ಇದೆ. ಆ ನಿಯಮದ ಪ್ರಕಾರ ತಯಾರಕರು ಐಡಲ್ ಪವರ್, ಗರಿಷ್ಠ ಪವರ್, ಸರ್ಟ್ ಅಂಕ, ಪವರ್ ಸಪ್ಲೈಯ ದಕ್ಷತೆ ಇವೆಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಜೊತೆಗೆ ಯಂತ್ರ ತಾಳಿಕೊಳ್ಳುವ ಗರಿಷ್ಠ ತಾಪಮಾನದಲ್ಲಿ ಐಡಲ್ ಎಷ್ಟು ಎಂಬುದನ್ನೂ ಕೊಡಬೇಕು. ತಾಪ ಸಹಿಸುವ ಶಕ್ತಿಯಲ್ಲಿ ಎ2 ವರ್ಗದ ಯಂತ್ರಕ್ಕೆ ಆ ಗರಿಷ್ಠ ತಾಪಮಾನ 35 ಡಿಗ್ರಿ. ಎರಡು ಐಡಲ್ ಅಂಕಿಗಳ ನಡುವಿನ ಅಂತರ ಹೆಚ್ಚಾಗಿ ಫ್ಯಾನುಗಳದ್ದೇ. ಮೇ ತಿಂಗಳಲ್ಲಿ ಎಸಿ ಕೈಕೊಟ್ಟ ದಿನ ನಿಮ್ಮ ಸರ್ವರ್ ಹೇಗೆ ವರ್ತಿಸುತ್ತದೆಂಬುದನ್ನು ಆ ಒಂದು ಅಂಕಿ ಹೇಳುತ್ತದೆ. ಮೂವರಿಂದಲೂ, ಅವರು ಉಲ್ಲೇಖಿಸಿದ ಮಾದರಿಯ ಹೆಸರಿನಲ್ಲಿಯೇ, ಈ ಅಂಕಿಗಳಿರುವ ಹಾಳೆಯನ್ನು ತರಿಸಿಕೊಳ್ಳಿ.

ಮಾಟುಂಗಾ ಲೆಡ್ಜರ್

ಇಬ್ಬರಿಗೂ ಅನಂತ ಧನ್ಯವಾದಗಳು. ಹಾಳೆಗಳನ್ನು ಕೇಳಿದೆ, ಇಬ್ಬರು ಕಳುಹಿಸಿದ್ದಾರೆ, ಒಬ್ಬರು ‘ಕಂಪನಿಯನ್ನು ಕೇಳಿ ಹೇಳುತ್ತೇವೆ’ ಎಂದಿದ್ದಾರೆ. ನಮ್ಮ ಸಂರಚನೆಗೆ ಹತ್ತಿರವಾದ ಐಡಲ್ ಅಂಕಿ 140 ವ್ಯಾಟ್‌ನ ಆಸುಪಾಸಿನಲ್ಲಿದೆ. ಎಲ್ಲರೂ ತಲಾ 800 ವ್ಯಾಟ್‌ನ ಎರಡು ಪವರ್ ಸಪ್ಲೈ ಕೊಡುತ್ತಿದ್ದಾರೆ. ಮಂಡಳಿ ಈಗ ‘ಎರಡು ಸರ್ವರಿಗೆ 3,200 ವ್ಯಾಟ್ ಆಯಿತಲ್ಲ, ವೈರಿಂಗ್ ತಡೆಯುತ್ತದೆಯೇ’ ಎಂದು ಕೇಳುತ್ತಿದೆ. ಅಲ್ಲದೆ, ಅಳವಡಿಸಲು ಬರುವ ಎಂಜಿನಿಯರು ಯಂತ್ರದ ಮೂಲ ಹೊಂದಾಣಿಕೆಗಳಿರುವ ಬಯಾಸ್‌ನಲ್ಲಿ ‘ಗರಿಷ್ಠ ಕಾರ್ಯಕ್ಷಮತೆ’ ಆಯ್ಕೆ ಮಾಡಿಯೇ ಒಪ್ಪಿಸುವುದು ತಮ್ಮ ಪದ್ಧತಿ ಎಂದಿದ್ದಾರೆ. ಇದರಿಂದ ತೊಂದರೆಯಿದೆಯೇ?

ವೆರ್ಣಾ ಶಿಫ್ಟ್

ಗೋವಾದ ವೆರ್ಣಾ ಕೈಗಾರಿಕಾ ವಸಾಹತುವಿನ ಕಾರ್ಖಾನೆಯೊಂದರಲ್ಲಿ ಸರ್ವರ್ ಕೋಣೆಯನ್ನು ನೋಡಿಕೊಳ್ಳುವವನು ನಾನು. ಈ ಎರಡೂ ಪ್ರಶ್ನೆಗಳು ನಮ್ಮಲ್ಲಿಯೂ ಎದ್ದಿದ್ದವು.

ಜೋಡಿ ಪವರ್ ಸಪ್ಲೈ ಇರುವುದು ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಹೊರೆ ಹೊರಲೆಂದು. ಎರಡನ್ನೂ ಕೂಡಿಸುವ ಲೆಕ್ಕ ತಪ್ಪು. ವೈರಿಂಗ್, ಯುಪಿಎಸ್, ಎಸಿಗಳಿಗೆ ಹಾಳೆಯಲ್ಲಿರುವ ಗರಿಷ್ಠ ಪವರ್ ಅಂಕಿಯನ್ನೇ ಹಿಡಿಯಿರಿ. ಒಂದು ಟನ್ ಎಸಿ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕಬಲ್ಲದು. ನಿಮ್ಮ ಎರಡು ಸರ್ವರ್ ಮತ್ತು ಒಂದು ಸ್ಟೋರೇಜ್ ಆ ಮಿತಿಯನ್ನು ಮುಟ್ಟುವುದು ಅನುಮಾನ. ಕೋಣೆಯನ್ನು 18 ಡಿಗ್ರಿಗೆ ಇಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ. ಶೀತಲೀಕರಣ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಶಿಫಾರಸಿನಂತೆ ಸರ್ವರಿನ ಮುಂಭಾಗದಿಂದ ಒಳಹೋಗುವ ಗಾಳಿ 27 ಡಿಗ್ರಿಯವರೆಗೆ ಇರಬಹುದು. ಕರಾವಳಿಯ ನಮಗೆ ತಾಪಮಾನಕ್ಕಿಂತ ತೇವಾಂಶದ ಚಿಂತೆಯೇ ಹೆಚ್ಚು.

800 ವ್ಯಾಟ್ ನಿಮಗೆ ದೊಡ್ಡದಾಯಿತು. 140 ವ್ಯಾಟ್ ಎರಡಕ್ಕೂ ಹಂಚಿಹೋದರೆ ತಲಾ 70, ಅಂದರೆ ಸಾಮರ್ಥ್ಯದ ಶೇ. 9ಕ್ಕಿಂತ ಕಡಿಮೆ. 80 ಪ್ಲಸ್ ಪ್ಲಾಟಿನಂ ದರ್ಜೆಯ ಪರೀಕ್ಷೆ ಶೇ. 20, 50 ಮತ್ತು 100ರ ಹೊರೆಯಲ್ಲಿ ನಡೆಯುತ್ತದೆ. ಟೈಟಾನಿಯಂ ಮಾತ್ರ ಶೇ. 10ರಲ್ಲಿಯೂ 90ರಷ್ಟು ದಕ್ಷತೆ ಕೇಳುತ್ತದೆ. ಶೇ. 9ರಲ್ಲಿ ಏನಾಗುತ್ತದೆಂದು ಎರಡು ಚೀಟಿಗಳೂ ಹೇಳುವುದಿಲ್ಲ. ಅದೇ ಮಾದರಿಗೆ 500 ಅಥವಾ 550 ವ್ಯಾಟ್‌ನ ಸಪ್ಲೈ ಸಿಗುತ್ತದೆಯೇ, ಗರಿಷ್ಠ ಪವರ್ ಅದರೊಳಗೆ ಬರುತ್ತದೆಯೇ ನೋಡಿ. ಸಿಗದಿದ್ದರೆ ನಿರ್ವಹಣಾ ಪರದೆಯಲ್ಲಿ ‘ಹಾಟ್ ಸ್ಪೇರ್’ ಅಥವಾ ‘ಕೋಲ್ಡ್ ರಿಡಂಡೆನ್ಸಿ’ ಎಂಬ ಆಯ್ಕೆಯಿದೆಯೇ ಹುಡುಕಿ. ಅದನ್ನು ಚಾಲೂ ಮಾಡಿದರೆ ಹಗುರ ಹೊರೆಯಲ್ಲಿ ಒಂದೇ ಸಪ್ಲೈ ದುಡಿಯುತ್ತದೆ, ಇನ್ನೊಂದು ಎಚ್ಚರವಾಗಿ ಕಾದಿರುತ್ತದೆ.

ಬಯಾಸ್ ವಿಷಯದಲ್ಲಿ ಮಾತ್ರ ಪಟ್ಟು ಸಡಿಲಿಸಬೇಡಿ. ಪ್ರೊಸೆಸರಿನ ವಿದ್ಯುತ್ ಉಳಿತಾಯದ ವ್ಯವಸ್ಥೆ ಕಾರ್ಖಾನೆಯಿಂದ ಬರುವಾಗಲೇ ಚಾಲೂ ಇರಬೇಕೆಂಬುದು ಎನರ್ಜಿ ಸ್ಟಾರ್‌ನ ಷರತ್ತು, ಮತ್ತು ಯಂತ್ರದ ಪರೀಕ್ಷೆಯೂ ಹಾಗೆ ಬಂದ ಸ್ಥಿತಿಯಲ್ಲೇ ನಡೆಯುತ್ತದೆ. ‘ಗರಿಷ್ಠ ಕಾರ್ಯಕ್ಷಮತೆ’ ಆಯ್ಕೆ ಮಾಡಿದಾಗ ಸಾಮಾನ್ಯವಾಗಿ ಪ್ರೊಸೆಸರಿನ ನಿದ್ರಾ ಹಂತಗಳು ಬಂದ್ ಆಗುತ್ತವೆ. ನಮ್ಮ ಒಂದು ಸರ್ವರಿನಲ್ಲಿ ಈ ಆಯ್ಕೆಯನ್ನು ಬದಲಿಸಿ ಮರುಚಾಲನೆ ಮಾಡಿದಾಗ, ನಿರ್ವಹಣಾ ಪರದೆಯ ಪವರ್ ರೇಖೆ ಮೆಟ್ಟಿಲಿನಿಂದ ಇಳಿದಂತೆ ಕೆಳಗಿಳಿದು ಅಲ್ಲಿಯೇ ನಿಂತಿತು. ಉತ್ಪಾದನಾ ತಂತ್ರಾಂಶ ಬಳಸುವ ಯಾರೂ ವೇಗ ತಗ್ಗಿತೆಂದು ದೂರಲಿಲ್ಲ. ಷೇರು ವಹಿವಾಟಿನಂತೆ ಕ್ಷಣಾರ್ಧದ ಲೆಕ್ಕವಿರುವವರಿಗೆ ಆ ಆಯ್ಕೆ ಬೇಕಾಗುತ್ತದೆ. ಪಾಸ್‌ಬುಕ್ ಮುದ್ರಿಸುವವರಿಗೆ ಬೇಡ.

ಅಳೆಯುವಾಗ ಕ್ಲಾಂಪ್ ಮೀಟರನ್ನು ನೆಚ್ಚಿಕೊಳ್ಳಬೇಡಿ. ಅದು ತೋರಿಸುವುದು ಆಂಪಿಯರ್. ಅದನ್ನು 230ರಿಂದ ಗುಣಿಸಿದರೆ ಸಿಗುವುದು ವೋಲ್ಟ್-ಆಂಪಿಯರ್, ವ್ಯಾಟ್ ಅಲ್ಲ. ಹಗುರ ಹೊರೆಯಲ್ಲಿ ಪವರ್ ಫ್ಯಾಕ್ಟರ್ ಕುಸಿಯುವುದರಿಂದ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ವ್ಯಾಟ್ ಮತ್ತು ಪವರ್ ಫ್ಯಾಕ್ಟರ್ ಎರಡನ್ನೂ ತೋರಿಸುವ ಪ್ಲಗ್ ಮೀಟರ್ ಆದೀತು. ಪ್ರಮಾಣಿತ ಸರ್ವರ್ ತನ್ನ ಒಳಹರಿವಿನ ಪವರನ್ನು ತಾನೇ ವರದಿ ಮಾಡಬೇಕೆಂಬ ಷರತ್ತೂ ಎನರ್ಜಿ ಸ್ಟಾರ್‌ನಲ್ಲಿದೆ, ಹಾಗಾಗಿ ಎರಡನ್ನೂ ತಾಳೆ ನೋಡಬಹುದು.

ರಬಾಳೆ ರ‍್ಯಾಕ್

ಸ್ಟೋರೇಜ್ ಪ್ರಶ್ನೆ ಹಾಗೆಯೇ ಉಳಿದಿತ್ತು. ಎನರ್ಜಿ ಸ್ಟಾರ್ ಅದಕ್ಕೆ 2013ರ ಡಿಸೆಂಬರಿನಿಂದ ಪ್ರತ್ಯೇಕ ಮಾನದಂಡ ಇಟ್ಟಿದೆ; ಅಳತೆಯ ವಿಧಾನ ಸ್ಟೋರೇಜ್ ಉದ್ಯಮದ ಸ್ನಿಯಾ ಸಂಸ್ಥೆಯ ‘ಎಮರಾಲ್ಡ್’ ನಿರ್ದೇಶನದ್ದು. ಇಲ್ಲಿ ಒಂದೇ ಅಂಕವಿಲ್ಲ. ಡೇಟಾಬೇಸ್ ಬಗೆಯ ಕೆಲಸಕ್ಕೆ ಒಂದು ವ್ಯಾಟ್‌ಗೆ ಎಷ್ಟು ಓದು-ಬರಹ, ಸಿಸಿಟಿವಿ ಅಥವಾ ಬ್ಯಾಕಪ್‌ನಂಥ ನಿರಂತರ ಹರಿವಿಗೆ ಒಂದು ವ್ಯಾಟ್‌ಗೆ ಸೆಕೆಂಡಿಗೆ ಎಷ್ಟು ಎಂಬಿ, ಸುಮ್ಮನೆ ಸಿದ್ಧವಾಗಿ ನಿಂತಿರುವಾಗ ಒಂದು ವ್ಯಾಟ್‌ಗೆ ಎಷ್ಟು ಜಿಬಿ ಎಂದು ಬೇರೆ ಬೇರೆ ಅಳೆಯುತ್ತಾರೆ. ನಿಮ್ಮದು ಯಾವ ಬಗೆಯ ಕೆಲಸವೋ ಆ ಅಂಕಿಯನ್ನಷ್ಟೇ ನೋಡಿ. ಕೊನೆಯ ಅಳತೆಯಲ್ಲಿ ಲೆಕ್ಕಕ್ಕೆ ಬರುವುದು ಡಿಸ್ಕುಗಳ ಮೂಲ ಸಾಮರ್ಥ್ಯ. ಡಿಡುಪ್ಲಿಕೇಶನ್ (ಒಂದೇ ದತ್ತಾಂಶದ ನಕಲುಗಳನ್ನು ತೆಗೆಯುವುದು), ಕಂಪ್ರೆಶನ್‌ಗಳಿಂದ ‘ನಾಲ್ಕು ಪಟ್ಟು ಜಾಗ’ ಎಂದು ಮಾರಾಟಗಾರರು ಹೇಳುವ ಸಂಖ್ಯೆಯನ್ನು ಅದರೊಂದಿಗೆ ಬೆರೆಸಬಾರದು. ಆ ಸೌಲಭ್ಯಗಳು ನಿಜವಾಗಿ ಕೆಲಸ ಮಾಡುತ್ತವೆಯೇ ಎಂಬುದಕ್ಕೆ ಎಮರಾಲ್ಡ್‌ನಲ್ಲಿ ಬೇರೆಯೇ ಪರೀಕ್ಷೆಯಿದೆ.

ಸಣ್ಣ ಕಚೇರಿಗೆ ಇದಕ್ಕಿಂತ ಮುಖ್ಯವಾದದ್ದು ಡಿಸ್ಕುಗಳ ಸಂಖ್ಯೆ. 3.5 ಇಂಚಿನ ಹಾರ್ಡ್ ಡಿಸ್ಕ್ 4 ಟಿಬಿಯದಾಗಲಿ 10 ಟಿಬಿಯದಾಗಲಿ, ತಿರುಗುತ್ತಿರುವಷ್ಟು ಹೊತ್ತು ಸಾಧಾರಣವಾಗಿ 5ರಿಂದ 8 ವ್ಯಾಟ್ ತಿನ್ನುತ್ತದೆ. ರೇಡ್ 6ರಲ್ಲಿ (ಎರಡು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವ ಜೋಡಣೆ) 4 ಟಿಬಿಯ ಹನ್ನೆರಡು ಡಿಸ್ಕ್ ಹಾಕಿದರೂ 10 ಟಿಬಿಯ ಆರು ಹಾಕಿದರೂ ಬಳಕೆಗೆ ಸಿಗುವುದು 40 ಟಿಬಿಯೇ, ಆದರೆ ವಿದ್ಯುತ್ತು ಅರ್ಧಕ್ಕಿಳಿಯುತ್ತದೆ. ದೊಡ್ಡ ಡಿಸ್ಕ್ ಕೆಟ್ಟಾಗ ಮರುನಿರ್ಮಾಣಕ್ಕೆ ಹೆಚ್ಚು ಸಮಯ ಹಿಡಿಯುತ್ತದೆಂಬುದು ನಿಜ, ಒಂದೇ ಡಿಸ್ಕಿನ ನಷ್ಟವನ್ನು ತಾಳುವ ರೇಡ್ 5 ಬೇಡವೆಂದು ಹೇಳುವುದು ಅದಕ್ಕಾಗಿಯೇ. ನಿಮ್ಮ ಲೆಡ್ಜರ್ ದತ್ತಾಂಶಕ್ಕೆ ಒಂದೆರಡು ಜೋಡಿ ಎಸ್‌ಎಸ್‌ಡಿ ಸಾಕು. ಡಿಸ್ಕುಗಳು ಹಳೆಯ ಕಡತ ಮತ್ತು ಬ್ಯಾಕಪ್‌ಗಿರಲಿ. ಇನ್ನೊಂದು ಮಾತು: ಡಿಸ್ಕಿನಲ್ಲಿರುವುದನ್ನು ಪೂರ್ತಿಯಾಗಿ, ಸುರಕ್ಷಿತವಾಗಿ ಅಳಿಸುವ ಸೌಲಭ್ಯ ಇರಲೇಬೇಕೆಂದೂ ಆ ಯುರೋಪಿನ ನಿಯಮ ಹೇಳುತ್ತದೆ. ಸದಸ್ಯರ ಠೇವಣಿಯ ವಿವರವಿರುವ ಯಂತ್ರವನ್ನು ಮುಂದೊಂದು ದಿನ ಗುಜರಿಗೆ ಹಾಕುವಾಗ ನಿಮಗದು ಬೇಕಾಗುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ. ಹಳೆಯ ಮೂರು ಸರ್ವರ್‌ಗಳನ್ನು ನಿಜವಾಗಿಯೂ ಆರಿಸುತ್ತೀರಲ್ಲವೇ? ‘ಲೆಕ್ಕ ಪರಿಶೋಧಕರು ಹಳೆಯ ವರ್ಷದ ವಿವರ ಕೇಳಿಯಾರು’ ಎಂದು ಹಳೆಯದನ್ನೂ ಓಡಿಸುತ್ತಲೇ ಇರುವ ಕಚೇರಿಗಳನ್ನು ನಾನು ಬಹಳ ನೋಡಿದ್ದೇನೆ. ಅಂಥ ಒಂದು ಯಂತ್ರ ಮೂಲೆಯಲ್ಲಿ ಉಳಿದರೆ ಹೊಸ ಪ್ರಮಾಣಪತ್ರಗಳ ಉಳಿತಾಯವೆಲ್ಲ ಅದಕ್ಕೇ ಹೋಗುತ್ತದೆ.

ಮಾಟುಂಗಾ ಲೆಡ್ಜರ್

ಒಂದನ್ನು ಇಟ್ಟುಕೊಳ್ಳುವ ಯೋಚನೆ ಮಂಡಳಿಗೆ ಇತ್ತು, ಕಾರಣವೂ ಅದೇ. ಅದನ್ನು ವರ್ಚುವಲ್ ಯಂತ್ರವಾಗಿ ಹೊಸ ಸರ್ವರಿಗೆ ಸಾಗಿಸಿ, ಬೇಕಾದಾಗ ಮಾತ್ರ ಚಾಲೂ ಮಾಡುವುದೆಂದು ಟಿಪ್ಪಣಿಯಲ್ಲಿ ಬರೆದಿದ್ದೇನೆ. ಷರತ್ತನ್ನು ಹೀಗೆ ತಿದ್ದಿದ್ದೇನೆ: ‘ತಯಾರಿಕಾ ದಿನಾಂಕದಂದು ಜಾರಿಯಲ್ಲಿದ್ದ ಆವೃತ್ತಿಯ ಎನರ್ಜಿ ಸ್ಟಾರ್ ಪ್ರಮಾಣಪತ್ರ, ಅಥವಾ ಅದೇ ಮಾದರಿಯ ಸರ್ಟ್ ಅಂಕ ಹಾಗೂ ಐಡಲ್ ಪವರ್ ಇರುವ ತಯಾರಕರ ಪ್ರಕಟಿತ ಹಾಳೆ, ಸ್ಟೋರೇಜ್‌ಗೆ ಎಮರಾಲ್ಡ್ ವಿಧಾನದ ಫಲಿತಾಂಶ, ಉಲ್ಲೇಖಿಸಿದ ಸಂರಚನೆಯ ಐಡಲ್ ಪವರನ್ನು ಒಪ್ಪಿಸುವ ದಿನ ಅಳೆದು ತೋರಿಸಬೇಕು.’ ಅಳತೆಯಲ್ಲಿ ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು? ಮತ್ತು ಹಾಳೆ ಕೊಡದವರನ್ನು ನೇರವಾಗಿ ಅನರ್ಹಗೊಳಿಸಬಹುದೇ?

ಔಂಧ್ ಬೆಂಚ್

ಅಪ್ಪಟ ಸಮಾನ ಸಂರಚನೆ ಸಿಗುವುದಿಲ್ಲವಾದ್ದರಿಂದ, ಮಾರಾಟಗಾರರೇ ತಮ್ಮ ಪವರ್ ಲೆಕ್ಕದ ತಂತ್ರಾಂಶದಿಂದ ನಿಮ್ಮ ಸಂರಚನೆಯ ಐಡಲ್ ಅಂಕಿಯನ್ನು ಬರೆದುಕೊಡಲಿ, ಅದಕ್ಕಿಂತ ಶೇ. 10ರಷ್ಟು ಹೆಚ್ಚಾದರೆ ಒಪ್ಪಬಹುದು ಎಂಬುದು ನನ್ನ ಅಭಿಪ್ರಾಯ. ಅಳೆಯುವಾಗ ಆಪರೇಟಿಂಗ್ ಸಿಸ್ಟಂ ಮೇಲೆದ್ದು ಅರ್ಧ ಗಂಟೆಯಾದರೂ ಕಳೆದಿರಲಿ, ಕೋಣೆಯ ತಾಪಮಾನವನ್ನೂ ಬಯಾಸ್ ಆಯ್ಕೆಯ ಹೆಸರನ್ನೂ ಅಂಕಿಯ ಪಕ್ಕದಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ.

ಅನರ್ಹತೆಯ ಬಗ್ಗೆ: ದರಪಟ್ಟಿ ತೆರೆದ ಮೇಲೆ ಷರತ್ತು ಬದಲಿಸಿದರೆ ಸೋತವರು ತಕರಾರು ತೆಗೆಯುತ್ತಾರೆ. ತಿದ್ದಿದ ಷರತ್ತನ್ನು ಮೂವರಿಗೂ ಒಂದೇ ದಿನ ಲಿಖಿತವಾಗಿ ಕಳುಹಿಸಿ, ಒಂದೇ ಗಡುವು ಕೊಟ್ಟು, ಪರಿಷ್ಕೃತ ದರವನ್ನು ಮುಚ್ಚಿದ ಲಕೋಟೆಯಲ್ಲಿ ಮತ್ತೆ ತರಿಸಿಕೊಳ್ಳಿ. ಗಡುವಿನೊಳಗೆ ಹಾಳೆ ಬಾರದಿದ್ದರೆ ಆ ಲಕೋಟೆಯನ್ನು ತೆರೆಯಬೇಕಾಗಿಯೇ ಇಲ್ಲ.